ಚಟ್ಟಿ

ನಮ್ಮ ಅಜ್ಜಿಯ ತವರುಮನೆಯಲ್ಲಿ ಒಂದು ಮಾತಿದೆ. 'ಮೂರು ಮಂದಿ ಹ್ವಾದ್ರು, ಇಬ್ರು ಬಂದ್ರು. ಒಬ್ಬಾತನ್ನ ಚಟ್ಟದ ಮ್ಯಾಲ ಮಲಗಿಸಿ ಬಂದ್ರು.' ಕೊನೆಯ ವಾಕ್ಯಕ್ಕೆ ಬರುವಾಗ ಅಜ್ಜಿ ದನಿ ತಗ್ಗಿಸುತ್ತಿದ್ದಳು. ಹೋದವರು ಹಾವೇರಿ ಕಡೆಯ ಒಂದು ಹಳ್ಳಿಯಿಂದ ಕೇದಾರ, ಬದರಿಗೆ. ಬಾರದೆ ಉಳಿದವನು ಅಜ್ಜಿಯ ಅಜ್ಜನ ಅಣ್ಣ. ಮನೆಯಲ್ಲಿ ಅವನಿಗೆ 'ಕೇದಾರದಜ್ಜ' ಎಂದಷ್ಟೇ ಹೆಸರು. ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಉಸಿರಿದ್ದವನನ್ನೇ ಚಟ್ಟಕ್ಕೆ ಏರಿಸಿ ಬಂದರೆಂಬ ಆರೋಪದ ಮೇಲೆ ಆ ಇಬ್ಬರ ಮನೆಗಳಿಗೂ ನಮ್ಮ ಅಜ್ಜಿಯ ಮನೆಗೂ ಎರಡು ತಲೆಮಾರು ಊಟ ನೀರು ಬಳಕೆ ಇರಲಿಲ್ಲ.

ಈ ಕಥೆಯಲ್ಲಿ ಒಂದು ತೊಡಕಿತ್ತು, ಚಿಕ್ಕವನಿದ್ದಾಗ ನನಗದು ಹೊಳೆದಿರಲಿಲ್ಲ. ನಮ್ಮ ವೀರಶೈವರ ಮನೆಗಳಲ್ಲಿ ಸತ್ತವರನ್ನು ಚಟ್ಟದ ಮೇಲೆ ಮಲಗಿಸುವುದಿಲ್ಲ. ಕೂರಿಸಿ, ವಿಮಾನ ಕಟ್ಟಿ ಒಯ್ದು, ಮಣ್ಣು ಮಾಡುತ್ತಾರೆ. ಹಾಗಾದರೆ ಚಟ್ಟ ಎಲ್ಲಿಂದ ಬಂತು?

ಉತ್ತರ ಸಿಕ್ಕಿದ್ದು ಪಿಎಚ್‌ಡಿಯ ಎರಡನೆಯ ವರ್ಷದಲ್ಲಿ. ಬ್ರಿಟಿಷ್ ಗಢವಾಲಿನ ಯಾತ್ರಾಮಾರ್ಗಗಳ ಬಗ್ಗೆ ಓದುತ್ತ ಕೂತಿದ್ದೆ. ಪುಟಪುಟಕ್ಕೂ ಒಂದೇ ಶಬ್ದ: ಚಟ್ಟಿ. ಫೂಲ್ ಚಟ್ಟಿ, ಮೋಹನ್ ಚಟ್ಟಿ, ಮಹಾದೇವ ಚಟ್ಟಿ. ಚಟ್ಟಿ ಎಂದರೆ ಗಂಗೆಯ ದಂಡೆಯ ಕಾಲುದಾರಿಯಲ್ಲಿ ಕೆಲವು ಮೈಲಿಗೊಂದರಂತೆ ಇದ್ದ ತಂಗುದಾಣ. ಕಲ್ಲಿನ ಗೋಡೆ, ಹುಲ್ಲಿನ ಮಾಡು, ಮುಂದೊಂದು ಉದ್ದನೆಯ ಜಗಲಿ. ಮಲಗುವುದಕ್ಕೆ ಬಾಡಿಗೆ ಇಲ್ಲ. ಹಿಟ್ಟು, ಅಕ್ಕಿ, ಬೇಳೆ, ತುಪ್ಪವನ್ನು ಅಲ್ಲಿಯ ಅಂಗಡಿಯಲ್ಲೇ ಕೊಳ್ಳಬೇಕು. ಕೊಂಡರೆ ಅಡುಗೆಯ ಪಾತ್ರೆಯನ್ನು ಅಂಗಡಿಯವನೇ ಕೊಡುತ್ತಾನೆ, ಬೆಳಿಗ್ಗೆ ಬೆಳಗಿ ವಾಪಸು ಕೊಟ್ಟು ನಡೆಯಬೇಕು. ಹತ್ತೊಂಬತ್ತನೆಯ ಶತಮಾನದ ಯಾತ್ರೆ ನಿಂತಿದ್ದು ಈ ಸರಳ ವ್ಯಾಪಾರದ ಮೇಲೆ.

ಹಿಂದಿರುಗಿದ ಇಬ್ಬರು 'ಚಟ್ಟಿಯೊಳಗ ಮಲಗಿಸಿ ಬಂದ್ವಿ' ಅಂದಿರಬೇಕು. ಚಟ್ಟಿ ಎಂಬುದನ್ನು ಕೇಳದ ಊರು ಅದನ್ನು ಚಟ್ಟ ಎಂದು ಕೇಳಿಸಿಕೊಂಡಿತು.

ಇದು ಊಹೆ. ಊಹೆಯನ್ನು ಪ್ರಬಂಧದಲ್ಲಿ ಹಾಕಲು ನನ್ನ ಗೈಡ್ ಒಪ್ಪುವುದಿಲ್ಲ, ಒಪ್ಪಲೂಬಾರದು. ಅದಕ್ಕೇ ಆ ದಾರಿಯನ್ನು ನಡೆದೇ ನೋಡೋಣವೆಂದು ಕಳೆದ ಅಕ್ಟೋಬರಿನಲ್ಲಿ ಋಷಿಕೇಶಕ್ಕೆ ಹೋದೆ.

ಮಳೆಗಾಲದ ಕೆಸರು ಇಳಿದು ನದಿ ಹಸಿರಾಗಿತ್ತು. ದಾರಿ ಶುರುವಾಗುವುದು ಲಕ್ಷ್ಮಣ ಝೂಲಾದ ಆಚೆ ದಂಡೆಯಲ್ಲಿ. ಮೊದಲು ಅಲ್ಲಿ ಹಗ್ಗದ ಸೇತುವೆಯಿತ್ತು. 1889ರಲ್ಲಿ ಕಲ್ಕತ್ತೆಯ ವರ್ತಕರೊಬ್ಬರು ಕಬ್ಬಿಣದ ತೂಗುಸೇತುವೆ ಕಟ್ಟಿಸಿದರು. 1924ರ ಪ್ರವಾಹ ಅದನ್ನು ಒಯ್ದಿತು. 1930ರಲ್ಲಿ ತೆರೆದ ಸೇತುವೆಯನ್ನು ಹಳತಾಯಿತೆಂದು 2019ರಲ್ಲಿ ಮುಚ್ಚಲು ಹೇಳಿದರು. ಆ ಊರಿನಲ್ಲಿ ಸೇತುವೆಗೂ ಮನುಷ್ಯನಿಗೂ ಆಯುಸ್ಸಿನಲ್ಲಿ ಅಂಥ ವ್ಯತ್ಯಾಸವೇನಿಲ್ಲ.

ಫೂಲ್ ಚಟ್ಟಿ ದಾಟಿದ ಮೇಲೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ನೀವು ನಡೆಯುತ್ತಿರುವುದು ನದಿಯ ಎಡದಂಡೆಯಲ್ಲಿ, ಬದರಿಗೆ ಹೋಗುವ ಹೆದ್ದಾರಿ ಇರುವುದು ಬಲದಂಡೆಯಲ್ಲಿ. ಅಲ್ಲಿ ಬಸ್ಸು, ಜೀಪು, ಹಾರ್ನಿನ ಸದ್ದು. ಇಲ್ಲಿ ಕಾಡುಗಿಡ, ಮೇಕೆಗಳು, ಅಲ್ಲಲ್ಲಿ ಕುಸಿದ ಕಲ್ಲುಗೋಡೆ. ದೇವಪ್ರಯಾಗದವರೆಗೂ ಹೀಗೇ. ಹೊಸ ರಸ್ತೆ ಹಳೆಯ ದಾರಿಯ ಮೇಲೇ ಏಕೆ ಬರಲಿಲ್ಲ?

ಆ ನದಿ ಒಂದು ಕಾಲಕ್ಕೆ ಎರಡು ರಾಜ್ಯಗಳ ಗಡಿಯಾಗಿತ್ತು. 1803ರ ಭೂಕಂಪದಲ್ಲಿ ಗಢವಾಲಿನ ರಾಜಧಾನಿ ಶ್ರೀನಗರ ಹಾಳಾಯಿತು. ಅದರ ಬೆನ್ನಿಗೇ ಗೂರ್ಖರು ನಾಡನ್ನು ವಶಮಾಡಿಕೊಂಡರು. 1815ರಲ್ಲಿ ಗೂರ್ಖರನ್ನು ಸೋಲಿಸಿದ ಕಂಪನಿ ಸರ್ಕಾರ ರಾಜನಿಗೆ ರಾಜ್ಯವನ್ನು ಪೂರ್ತಿ ಹಿಂದಿರುಗಿಸಲಿಲ್ಲ. ಗಂಗೆ ಮತ್ತು ಅದರ ಮೇಲೆ ಅಲಕನಂದೆ ಗಡಿಯಾದವು. ಪೂರ್ವದ ದಂಡೆ ಬ್ರಿಟಿಷ್ ಗಢವಾಲ್ ಆಯಿತು, ಪಶ್ಚಿಮದ್ದು ಟಿಹರಿ ಸಂಸ್ಥಾನವಾಗಿ ರಾಜನಿಗೆ ಉಳಿಯಿತು. ಕುಮಾವೂಂನ ಕಮಿಷನರ್ ಆಗಿದ್ದ ಟ್ರೇಲ್ 1827ರ ಸುಮಾರಿಗೆ ಯಾತ್ರಿಕರ ದಾರಿಯನ್ನು ಮಾಡಿಸಿದ್ದು ಸಹಜವಾಗಿಯೇ ತನ್ನ ಸರ್ಕಾರದ ದಂಡೆಯಲ್ಲಿ. ಮೋಟಾರು ರಸ್ತೆ ಬಂದದ್ದು ಎದುರಿನ ದಂಡೆಯಲ್ಲಿ. ಗಡಿ ಹೋಗಿ ಮುಕ್ಕಾಲು ಶತಮಾನವಾದರೂ ಆ ಎರಡು ದಂಡೆಗಳ ವ್ಯತ್ಯಾಸ ಇಂದಿಗೂ ಕಿವಿಗೆ ಕೇಳಿಸುತ್ತದೆ.

ಟ್ರೇಲ್ ದಾರಿಗೆ ಹಣ ಹೊಂದಿಸಿದ ಬಗೆಯೂ ಸ್ವಾರಸ್ಯದ್ದು. ಕೇದಾರ, ಬದರಿಯ ಯಾತ್ರಿಕರಿಗೆ ಅನ್ನ ಹಾಕಲೆಂದು ಹಿಂದಿನ ಅರಸರು ಬಿಟ್ಟ ಹಳ್ಳಿಗಳಿದ್ದವು. ಅವುಗಳ ಉತ್ಪನ್ನಕ್ಕೆ ಸದಾವ್ರತ ಎನ್ನುತ್ತಿದ್ದರು. ಟ್ರೇಲ್ ಆ ಹಣವನ್ನು ದಾರಿ, ಸೇತುವೆಗಳಿಗೆ ತಿರುಗಿಸಿದ. ಮುಂದೆ ದಾರಿಬದಿಯ ಆಸ್ಪತ್ರೆಗಳೂ ಅದೇ ಹಣದಲ್ಲಿ ನಡೆದವು. ಅನ್ನದ ದುಡ್ಡು ಹಾದಿಗೆ ಹೋಯಿತು, ಅನ್ನ ಚಟ್ಟಿಯ ಅಂಗಡಿಯವನ ಕೈಗೆ ಹೋಯಿತು. ಆಡಳಿತದ ವರದಿಗಳಲ್ಲಿ ಇದು ಸುಧಾರಣೆ. ಹಸಿದು ಬಂದ ಬಡ ಯಾತ್ರಿಕನಿಗೆ ಅದು ಏನಾಗಿ ಕಂಡಿತೋ, ವರದಿ ಬರೆದವರು ಕೇಳಿಲ್ಲ. ಆ ಕೊರತೆಯನ್ನು ಮುಂದೆ ಒಂದಿಷ್ಟು ತುಂಬಿದ್ದು ಕಾಲೀ ಕಮಲೀವಾಲೆ ಬಾಬಾ ಎಂದೇ ಹೆಸರಾದ ಸ್ವಾಮಿ ವಿಶುದ್ಧಾನಂದರ ಧರ್ಮಶಾಲೆಗಳು. ಲಕ್ಷ್ಮಣ ಝೂಲಾದ ಕಬ್ಬಿಣದ ಸೇತುವೆಗೆ ಆ ವರ್ತಕರನ್ನು ಪ್ರೇರೇಪಿಸಿದವರೂ ಅವರೇ.

ದಾರಿಯ ದುರಸ್ತಿ, ಅಧಿಕಾರಿಗಳ ಸಾಮಾನು ಹೊರುವುದು ಸುತ್ತಲ ಹಳ್ಳಿಗರ ಬಿಟ್ಟಿ ದುಡಿಮೆಯಾಗಿತ್ತು. ಯಾರ ಸರದಿ ಯಾವಾಗ ಎಂದು ಬರೆದಿಡುವ ಪುಸ್ತಕಗಳಿದ್ದವು. 1921ರ ಸಂಕ್ರಾಂತಿಯ ಜಾತ್ರೆಯಲ್ಲಿ, ಪಕ್ಕದ ಕುಮಾವೂಂನ ಬಾಗೇಶ್ವರದಲ್ಲಿ, ಜನ ಆ ಪುಸ್ತಕಗಳನ್ನು ಸರಯೂ ನದಿಗೆ ಎಸೆದರು. ದಾಖಲೆ ನಾಶವಾಯಿತೆಂದರೆ ಇತಿಹಾಸದ ವಿದ್ಯಾರ್ಥಿಗೆ ಹೊಟ್ಟೆ ಉರಿಯುತ್ತದೆ. ಈ ಒಂದು ನಾಶದ ಬಗ್ಗೆ ಮಾತ್ರ ನನಗೆ ಬೇಸರವಿಲ್ಲ.

ಮೋಹನ್ ಚಟ್ಟಿಯಿಂದ ಮುಂದೆ ದಾರಿ ಎಷ್ಟೋ ಕಡೆ ಇಲ್ಲವೇ ಇಲ್ಲ. ಮೇಕೆ ಕಾಯುವವರನ್ನು ಕೇಳಿ ಕೇಳಿ ನಡೆದೆ. ದಾರಿ ನದಿಯ ಪಕ್ಕದಲ್ಲೇ ಹೋಗುತ್ತದೆ ಎಂದುಕೊಂಡಿದ್ದೆ. ಹಾಗಿಲ್ಲ. ಬಂಡೆ ಎದ್ದು ನಿಂತಲ್ಲೆಲ್ಲ ದಾರಿ ಏರುತ್ತದೆ, ನದಿ ಕೆಳಗೆ ಹಸಿರು ದಾರದಷ್ಟಾಗುತ್ತದೆ. ಸದ್ದು ಮಾತ್ರ ಬಿಡುವುದಿಲ್ಲ. ಒಂದು ತಾಸು ಏರಿದ್ದನ್ನು ಅರ್ಧ ತಾಸಿನಲ್ಲಿ ಇಳಿದು ಮಂಡಿ ನೋಯಿಸಿಕೊಂಡಾಗ ಅರ್ಥವಾಯಿತು, ಚಟ್ಟಿಗಳು ಅಷ್ಟು ಹತ್ತಿರ ಹತ್ತಿರ ಏಕಿದ್ದವೆಂದು. ನನ್ನ ಕಾಲಿಗೆ ಒಳ್ಳೆಯ ಬೂಟುಗಳಿದ್ದವು. ಅವರಲ್ಲಿ ಬಹಳ ಜನ ಬರಿಗಾಲು. ಉಳ್ಳವರು ಬೆನ್ನಬುಟ್ಟಿಯಲ್ಲಿ ಹೊರುವವರ ಹೆಗಲೇರಿ ಹೋಗುತ್ತಿದ್ದರು. ನಯಾರ್ ನದಿ ಬಂದು ಸೇರುವ ವ್ಯಾಸಘಾಟಿನಲ್ಲಿ ನೀರಿಗೆ ಕಾಲು ಇಳಿಬಿಟ್ಟು ಕುಳಿತೆ. ಒಂದು ನಿಮಿಷಕ್ಕಿಂತ ಹೆಚ್ಚು ಇಡಲಾಗಲಿಲ್ಲ, ಅಷ್ಟು ತಣ್ಣಗಿತ್ತು.

ಹರಿದ್ವಾರಕ್ಕೆ ರೈಲು ಬಂದದ್ದು 1886ರಲ್ಲಿ. ಅಲ್ಲಿಯವರೆಗೆ ದಕ್ಷಿಣದಿಂದ ಈ ಬೆಟ್ಟಕ್ಕೆ ಬರುವುದೆಂದರೆ ಮನೆಯವರಿಗೆ ಕೊನೆಯ ಮಾತು ಹೇಳಿ ಹೊರಡುವುದು. ರೈಲು ಬಂದ ಮೇಲೆ ಹುಬ್ಬಳ್ಳಿ ಕಡೆಯ ಒಕ್ಕಲಿಗನೂ ಸುಗ್ಗಿ ಮುಗಿಸಿ ಹೋಗಿ ಬರಬಹುದಾಯಿತು. ಆದರೆ ರೈಲು ಬಿಟ್ಟದ್ದು ಬೆಟ್ಟದ ಬುಡಕ್ಕೆ. ಅಲ್ಲಿಂದ ಮುಂದೆ ಅದೇ ಕಾಲುದಾರಿ, ಅದೇ ಜಗಲಿ, ಅದೇ ಝರಿಯ ನೀರು. ಜನ ಮಾತ್ರ ಹಲವು ಪಟ್ಟು. ಕಾಲರಾ ಇದನ್ನೇ ಕಾಯುತ್ತಿತ್ತು. 1892ರಲ್ಲಿ ಹರಿದ್ವಾರದ ಮಹಾವಾರುಣಿ ಜಾತ್ರೆಯನ್ನು ಸರ್ಕಾರ ಕಾಲರಾದ ಭಯದಿಂದ ಅರ್ಧಕ್ಕೇ ಚದುರಿಸಿತು. ಆ ವರ್ಷ ಗಢವಾಲಿನಲ್ಲೂ ರೋಗ ಹಬ್ಬಿತು. ಆಮೇಲೆ ಚಟ್ಟಿಗಳಿಗೆ ಕೊಳವೆಯಲ್ಲಿ ಶುದ್ಧ ನೀರು ತರುವ, ಝರಿಗೆ ಬೇಲಿ ಹಾಕುವ ಮಾತು ಕಡತಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕಡತಗಳಲ್ಲಿ ಸತ್ತವರ ಸಂಖ್ಯೆ ಇದೆ. ಹೆಸರಿಲ್ಲ.

ಹೆಸರು ಇರುವುದು ಪಂಡರ ಬಹಿಗಳಲ್ಲಿ. ದೇವಪ್ರಯಾಗ ಬದರಿನಾಥದ ಪಂಡರ ಊರು. ಯಾತ್ರಿಕ ಯಾವ ಸೀಮೆಯವನೆಂದು ನೋಡಿ ಅವನ ಪಂಡ ಯಾರೆಂದು ಗೊತ್ತಾಗುತ್ತದೆ. ಯಾತ್ರಿಕರೇ ತಮ್ಮ ಲಿಪಿಯಲ್ಲಿ ಊರು, ತಂದೆ, ಅಜ್ಜ, ಜೊತೆಗೆ ಬಂದವರು ಎಲ್ಲ ಬರೆಯುತ್ತಾರೆ. ಹಾವೇರಿ ಜಿಲ್ಲೆ ಎಂದಾಗ ನಾನು ಕಂಡ ಮುದುಕರು ತಲೆ ಅಲ್ಲಾಡಿಸಿದರು. ಆ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. ಧಾರವಾಡ ಎಂದೊಡನೆ ಮುಖ ಅರಳಿತು. ಮೂರು ಮನೆ ತಿರುಗಿದ ಮೇಲೆ, ಎರಡನೆಯ ದಿನ ಸಂಜೆ, ಕೆಂಪು ಬಟ್ಟೆಯಲ್ಲಿ ಸುತ್ತಿದ ಉದ್ದನೆಯ ಬಹಿಯೊಂದರಲ್ಲಿ ಅಜ್ಜಿಯ ತವರೂರಿನ ಹೆಸರು ಕನ್ನಡದಲ್ಲಿ ಕಂಡಿತು.

ಪ್ರಮಾದೀಚ ಸಂವತ್ಸರದ ಜ್ಯೇಷ್ಠ ಮಾಸ. ಪಕ್ಕದಲ್ಲಿ ಪಂಡರ ಕೈಬರಹದಲ್ಲಿ ಸಂವತ್ 1970. ಅಂದರೆ 1913ರ ಬೇಸಿಗೆ. ಮೂರು ಹೆಸರು, ಒಂದೇ ಕೈಯ ದುಂಡನೆಯ ಅಕ್ಷರ. ಮೊದಲನೆಯವನ ತಂದೆಯ ಹೆಸರು ಅಜ್ಜಿ ಹೇಳಿ ಕಳಿಸಿದ್ದ ಹೆಸರೇ. ಕೇದಾರದಜ್ಜನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮೊದಲು ಅಜ್ಜಿಗೆ ಹೇಳಬೇಕಿತ್ತು, ಆದರೆ ಆ ಸಂಜೆ ಫೋನು ಮಾಡಲು ಧೈರ್ಯ ಬರಲಿಲ್ಲ. ಏಕೆಂದರೆ ಅದೇ ಪುಟದ ಕೆಳಗೆ ಆಷಾಢದ ಇನ್ನೊಂದು ಬರಹ ಇತ್ತು, ಬದರಿಯಲ್ಲಿ ಬರೆದದ್ದು. ಅದರಲ್ಲಿ ಎರಡೇ ಹೆಸರು, ಅಕ್ಷರವೂ ಬೇರೆ. ಬರೆಯಲು ಚೆನ್ನಾಗಿ ಬರುತ್ತಿದ್ದವನೇ ಇಲ್ಲವಾಗಿದ್ದ.

ಅಂದರೆ ದೇವಪ್ರಯಾಗಕ್ಕೂ ಬದರಿಗೂ ನಡುವೆ ಎಲ್ಲೋ. ಅವನನ್ನು ಬಿಟ್ಟು ಆ ಇಬ್ಬರೂ ಮುಂದೆ ಹೋಗಿದ್ದರು ಎನ್ನುವುದೂ ಖಚಿತವಾಯಿತು. ಮನೆಯ ಆರೋಪ ಅರ್ಧ ನಿಜ.

ದೇವಪ್ರಯಾಗದಿಂದ ಮೇಲೆ ಹಳೆಯ ದಾರಿ ಬಹುಪಾಲು ಹೆದ್ದಾರಿಯ ಕೆಳಗೆ ಹೂತುಹೋಗಿದೆ. 1962ರ ಚೀನಾ ಯುದ್ಧದ ನಂತರ ಗಡಿಯತ್ತ ರಸ್ತೆಗಳು ಬೇಗಬೇಗ ಅಗಲವಾದವು. ಚಟ್ಟಿಗಳು ಒಂದೊಂದಾಗಿ ಮುಚ್ಚಿದವು. ಈಗ ಋಷಿಕೇಶದಿಂದ ಕರ್ಣಪ್ರಯಾಗಕ್ಕೆ 125 ಕಿ.ಮೀ. ರೈಲುಮಾರ್ಗ ಆಗುತ್ತಿದೆ, ಅದರ ಬಹುಭಾಗ ಸುರಂಗದಲ್ಲಿ. ಅದರಲ್ಲಿ ಹೋಗುವವರು ನದಿಯನ್ನು ಹೆಚ್ಚು ಕಾಣುವುದಿಲ್ಲ. ನಾನೂ ಶ್ರೀನಗರದ ತನಕ ಜೀಪು ಹತ್ತಿದೆ. ಲಾರಿಗಳ ಪಕ್ಕದಲ್ಲಿ ನಡೆಯುವುದರಲ್ಲಿ ಯಾವ ಸಂಶೋಧನೆಯೂ ಇಲ್ಲ.

ಶ್ರೀನಗರದಲ್ಲಿ ಇಳಿಯಲೇಬೇಕಿತ್ತು. 1893ರ ಸೆಪ್ಟೆಂಬರಿನಲ್ಲಿ, ಮೇಲಿನ ಗೋಹನಾ ಎಂಬ ಹಳ್ಳಿಯ ಬಳಿ, ಅಲಕನಂದೆಯ ಉಪನದಿ ಬಿರಹಿ ಗಂಗೆಗೆ ಗುಡ್ಡವೇ ಕುಸಿದು ಸುಮಾರು 900 ಅಡಿ ಎತ್ತರದ ಒಡ್ಡು ಬಿತ್ತು. ಹಿಂದೆ ಕೆರೆ ತುಂಬತೊಡಗಿತು. ಎಂಜಿನಿಯರುಗಳು ಹೋಗಿ ನೋಡಿ, ಮರುವರ್ಷದ ಆಗಸ್ಟಿನಲ್ಲಿ ನೀರು ಒಡ್ಡಿನ ಮೇಲೆ ಹರಿಯುತ್ತದೆಂದು ಲೆಕ್ಕ ಹಾಕಿದರು. ಗೋಹನಾದಿಂದ ಹರಿದ್ವಾರಕ್ಕೆ ತಂತಿ ಎಳೆದರು. ತೂಗುಸೇತುವೆಗಳನ್ನು ಬಿಚ್ಚಿಟ್ಟರು. ಪ್ರವಾಹ ಎಲ್ಲಿಯವರೆಗೆ ಏರಬಹುದೆಂದು ಕಣಿವೆಯುದ್ದಕ್ಕೂ ಕಂಬ ಕಟ್ಟಿ ಗುರುತು ಮಾಡಿದರು. 1894ರ ಆಗಸ್ಟ್ 25ರ ರಾತ್ರಿ ಒಡ್ಡು ಒಡೆಯಿತು. ಹಳೆಯ ಶ್ರೀನಗರ ಕೊಚ್ಚಿಹೋಯಿತು. ಸತ್ತವರು ಐದೇ ಜನ: ಅಪಾಯದ ಜಾಗದಿಂದ ಹೊರಹಾಕಿದ್ದರೂ ಕದ್ದು ಮರಳಿ ಬಂದ ಒಬ್ಬ ಫಕೀರ ಮತ್ತು ಅವನ ಕುಟುಂಬ. ಊರನ್ನು ಮತ್ತೆ ಮೇಲಿನ ಎತ್ತರದಲ್ಲಿ ಕಟ್ಟಿದರು. ಅಳಿದುಳಿದ ಕೆರೆ 1970ರ ಜುಲೈ ಪ್ರವಾಹದಲ್ಲಿ ಇಲ್ಲವಾಯಿತು. ಆಗ ಬೇಲಾಕೂಚಿಯಲ್ಲಿ ಬಸ್ಸುಗಳೇ ಕೊಚ್ಚಿಹೋದವು. 2013ರಲ್ಲಿ ಶ್ರೀನಗರದ ತಗ್ಗಿನ ಬಡಾವಣೆಗಳು ಮತ್ತೆ ಹೂಳಿನಲ್ಲಿ ಮುಳುಗಿದವು. ಎತ್ತರಕ್ಕೆ ಹೋದ ಊರು ನೂರು ವರ್ಷದಲ್ಲಿ ನಿಧಾನವಾಗಿ ಮತ್ತೆ ನೀರಿನ ಕಡೆಗೆ ಇಳಿದಿತ್ತು.

ರುದ್ರಪ್ರಯಾಗ ಕನ್ನಡದ ಓದುಗರಿಗೆ ಹೊಸದಲ್ಲ. ತೇಜಸ್ವಿಯವರು ಕನ್ನಡಕ್ಕೆ ತಂದ 'ರುದ್ರಪ್ರಯಾಗದ ಭಯಾನಕ ನರಭಕ್ಷಕ'ವನ್ನು ಓದಿ ಹೈಸ್ಕೂಲಿನಲ್ಲಿ ರಾತ್ರಿ ಹೊರಗೆ ಹೋಗಲು ಹೆದರಿದವರು ನಮ್ಮಲ್ಲಿ ಎಷ್ಟು ಜನವಿಲ್ಲ! 1918ರಿಂದ 1926ರವರೆಗೆ ಈ ಯಾತ್ರಾಮಾರ್ಗದ ಮೇಲೆ 125 ಜನರನ್ನು ತಿಂದಿತೆಂದು ಲೆಕ್ಕವಿರುವ ಚಿರತೆಯನ್ನು ಕಾರ್ಬೆಟ್ ಕೊಂದದ್ದು ಊರಾಚೆಯ ಗುಲಾಬ್‌ರಾಯ್ ಎಂಬಲ್ಲಿ. ಅಲ್ಲಿಯೂ ಒಂದು ಯಾತ್ರಿಕರ ತಂಗುದಾಣವಿತ್ತು. ಈ ಸಲ ಮತ್ತೆ ಓದುವಾಗ ಚಿರತೆಗಿಂತ ಬೇರೆ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಸಾಂಕ್ರಾಮಿಕ ಬಂದು ಹೆಣ ಸುಡುವವರೇ ಸಾಲದಾದಾಗ, ಬೆಟ್ಟದ ಹಳ್ಳಿಗಳಲ್ಲಿ ಸತ್ತವರ ಬಾಯಿಗೊಂದು ಕೆಂಡವಿಟ್ಟು ಕಣಿವೆಗೆ ಉರುಳಿಸುತ್ತಿದ್ದರೆಂದು ಕಾರ್ಬೆಟ್ ಬರೆಯುತ್ತಾನೆ. ಚಿರತೆಗೆ ಮನುಷ್ಯರ ರುಚಿ ಹತ್ತಿದ್ದು ಹಾಗೆ ಎನ್ನುವುದು ಅವನ ವಿವರಣೆ. 1913ರಲ್ಲಿ ಏನಾಯಿತೆಂದು ಅದರಿಂದ ಹೇಳಲಾಗದು. ಕೂರಿಸಿ ಮಣ್ಣು ಮಾಡುವವರಂತೂ ಅಲ್ಲಿ ಯಾರೂ ಇದ್ದಿರಲಾರರು.

ಸಂಗಮದ ಮೆಟ್ಟಿಲ ಮೇಲೆ ಹಳೆಯ ನಕಾಶೆ ಬಿಡಿಸಿಕೊಂಡು ಕುಳಿತಾಗ, ಇಷ್ಟು ದಿನ ಕಣ್ಣೆದುರೇ ಇದ್ದ ಸಂಗತಿ ಕಂಡಿತು. ಯಾತ್ರಿಕರು ರುದ್ರಪ್ರಯಾಗದಿಂದ ಮಂದಾಕಿನಿಯ ದಂಡೆ ಹಿಡಿದು ಗುಪ್ತಕಾಶಿಯ ಮೇಲೆ ಕೇದಾರಕ್ಕೆ ಹೋಗುತ್ತಿದ್ದರು. ಅಲ್ಲಿಂದ ಊಖೀಮಠ, ತುಂಗನಾಥದ ಏರು ದಾಟಿ ಚಮೋಲಿಗೆ ಇಳಿದು ಬದರಿಗೆ. ಬದರಿ ಮುಗಿದ ಮೇಲೆ ಕರ್ಣಪ್ರಯಾಗದಲ್ಲಿ ಎಡಕ್ಕೆ ತಿರುಗಿ, ಆದಿಬದರಿ, ಮೇಹಲ್‌ಚೌರಿಯ ಮೇಲೆ ರಾಮನಗರಕ್ಕೋ ಕಾಠಗೋದಾಮಿಗೋ ಹೋಗಿ ರೈಲು ಹಿಡಿಯುತ್ತಿದ್ದರು. ಹೋದ ದಾರಿಯಲ್ಲಿ ಮರಳಿ ಬರುವ ರೂಢಿಯೇ ಇರಲಿಲ್ಲ. ಮಂದಾಕಿನಿಯ ದಂಡೆಯ ಯಾವುದೋ ಚಟ್ಟಿಯಲ್ಲಿ ಜ್ವರದವನನ್ನು ಮಲಗಿಸಿ, ಅಂಗಡಿಯವನ ಕೈಗೆ ನಾಲ್ಕು ಕಾಸು ಕೊಟ್ಟು ಮುಂದೆ ಹೋದವರಿಗೆ ಆ ಚಟ್ಟಿ ಮತ್ತೆ ಸಿಗುತ್ತಿರಲಿಲ್ಲ. ಅದಕ್ಕಾಗಿಯೇ ಹಿಂದಿರುಗಬೇಕಿತ್ತು, ಎಷ್ಟೋ ದಿನ. ಕೈಯಲ್ಲಿ ರೈಲಿನ ಖರ್ಚು ಮಾತ್ರ ಉಳಿದವರು, ಮಳೆಗಾಲ ತಲೆಯ ಮೇಲೆ ಬಂದವರು. ಅವರು ಮಾಡಿದ್ದು ಸರಿ ಎಂದು ನಾನು ಹೇಳುತ್ತಿಲ್ಲ. 'ಬರುವಾಗ ನೋಡಲೂ ಇಲ್ಲವೇ' ಎಂದು ಎರಡು ತಲೆಮಾರು ಕೇಳಿದ ಪ್ರಶ್ನೆಗೆ ಉತ್ತರ ಈ ನಕಾಶೆಯಲ್ಲಿತ್ತು.

ಗೌರೀಕುಂಡದಿಂದ ಕೇದಾರಕ್ಕೆ ಇಂದಿಗೂ ಜನ ನಡೆಯುತ್ತಾರೆ. ನಡುವೆ ರಾಮಬಾಡಾ ಎಂಬ ಚಟ್ಟಿಯಿತ್ತು, ಕಾಲಕ್ರಮದಲ್ಲಿ ಬಜಾರೇ ಆಗಿತ್ತು. 2013ರ ಜೂನ್ 16, 17ರಂದು, ಮೇಲಿನ ಚೋರಾಬಾಡಿ ಕೆರೆಯೂ ಒಡೆದು ಮಂದಾಕಿನಿ ಬಂದಾಗ ರಾಮಬಾಡಾ ಗುರುತೇ ಸಿಗದಂತೆ ಹೋಯಿತು. ರಾಜ್ಯದಲ್ಲಿ ಸತ್ತವರು, ಕಾಣೆಯಾದವರು ಐದು ಸಾವಿರಕ್ಕೂ ಹೆಚ್ಚು. ಈಗಿನ ದಾರಿ ಅಲ್ಲಿ ನದಿ ದಾಟಿ ಎದುರಿನ ಬೆಟ್ಟ ಏರುತ್ತದೆ. 1894ರ ಐದರ ಪಕ್ಕದಲ್ಲಿ ಈ ಸಂಖ್ಯೆಯನ್ನು ಇಟ್ಟು ನೋಡುವುದು ಪೂರ್ತಿ ನ್ಯಾಯವಲ್ಲ. ಅಂದು ಹನ್ನೊಂದು ತಿಂಗಳು ಮುಂಚೆ ಗೊತ್ತಿತ್ತು, ಇಂದು ಗಂಟೆಗಳೂ ಸಿಗಲಿಲ್ಲ. ಆದರೂ ಸೇತುವೆಯ ಮೇಲೆ ನಿಂತು ಆ ಬರಿಯ ಕಲ್ಲುರಾಶಿಯನ್ನು ನೋಡುವಾಗ ಕಂಬ ಕಟ್ಟಿ ಗುರುತು ಮಾಡಿದವರ ನೆನಪು ಬಂತು. ಕೇದಾರದಜ್ಜ ಮಲಗಿದ ಚಟ್ಟಿ ಇದೇ ಆಗಿದ್ದರೆ ಅದೂ ಈಗ ಇಲ್ಲ.

ಕೇದಾರದಿಂದ ಹಳೆಯ ಯಾತ್ರಿಕರಂತೆ ಊಖೀಮಠಕ್ಕೆ ಬಂದೆ. ಕೇದಾರದ ರಾವಲರು ಮತ್ತು ಅರ್ಚಕರು ಕರ್ನಾಟಕ ಮೂಲದ ವೀರಶೈವರು. ಚಳಿಗಾಲದಲ್ಲಿ ಕೇದಾರದ ಉತ್ಸವಮೂರ್ತಿ ಇಲ್ಲಿಗೇ ಬರುತ್ತದೆ. ಮಠದ ಅಂಗಳದಲ್ಲಿ ಬೂಟು ಬಿಚ್ಚುತ್ತಿದ್ದಾಗ ಹಿಂದಿನಿಂದ ಯಾರೋ ಕೇಳಿದರು: 'ಯಾ ಊರ್ರೀ ನಿಮ್ದು?' ಹೇಳಿದೆ. 'ನಡಕೋಂತ ಬಂದ್ರ್ಯಾ? ಬಸ್ ಐತಲ್ರೀ!' ಇಪ್ಪತ್ತು ದಿನದ ಮೇಲೆ ಕೇಳಿದ ಕನ್ನಡ ಅದು. ಏನೆಂದು ವಿವರಿಸುವುದು, ನಕ್ಕು ಸುಮ್ಮನಾದೆ.

ಅಲ್ಲಿಂದಲೇ ಅಜ್ಜಿಗೆ ಫೋನು ಮಾಡಿದೆ. ಚಟ್ಟಿ, ಚಟ್ಟ, ಬರುವ ದಾರಿ ಬೇರೆ ಇದ್ದದ್ದು, ಎಲ್ಲ ಹೇಳಿದೆ. ಹೂಂ, ಹೂಂ ಎನ್ನುತ್ತ ಕೇಳಿದಳು. ಆಮೇಲೆ ಹೆಸರು ಹೇಳಿದೆ.

ಬಹಳ ಹೊತ್ತು ಮಾತಿಲ್ಲ. ಲೈನು ಕಟ್ಟಾಯಿತೇನೋ ಎಂದುಕೊಂಡೆ.

'ಅದು ನಮ್ಮಪ್ಪನ ಹೆಸರಲ್ಲೋ' ಎಂದಳು.

ಅಜ್ಜಿಯ ಅಪ್ಪ ಹುಟ್ಟಿದ್ದು ಯಾತ್ರೆಯ ಮರುವರ್ಷವೋ ಅದರ ಮರುವರ್ಷವೋ. ಸತ್ತ ಹಿರಿಯರ ಹೆಸರನ್ನು ಮನೆಯಲ್ಲಿ ಹುಟ್ಟಿದ ಮಗುವಿಗೆ ಇಡುವುದು ರೂಢಿ. ಅಣ್ಣ ಸತ್ತನೆಂದು ತಮ್ಮ ಬಾಯಿಬಿಟ್ಟು ಹೇಳದೆ ಒಪ್ಪಿಕೊಂಡದ್ದು ಹಾಗೆ. ಕೇದಾರದಜ್ಜನ ಹೆಂಡತಿ ಮಾತ್ರ ಒಪ್ಪಿರಲಿಲ್ಲ. ಹೆಣ ಕಂಡವರಿಲ್ಲ ಎಂದು ಕೊನೆಯವರೆಗೂ ಕೈಯ ಬಳೆ ತೆಗೆಯಲಿಲ್ಲವಂತೆ. ಅಜ್ಜಿ ಸಣ್ಣವಳಿದ್ದಾಗ ಆಕೆಯನ್ನು ಕಂಡಿದ್ದಾಳೆ.

'ಅದಕ್ಕ ನೋಡು' ಎಂದಳು ಅಜ್ಜಿ, 'ಆಯಿ ನಮ್ಮಪ್ಪನ್ನ ಒಂದಿನಾನೂ ಹೆಸರು ಹಿಡದು ಕರೀಲಿಲ್ಲ. ಮುದುಕಿ ಆದ್ರೂ ತಮ್ಮಾ, ತಮ್ಮಾ ಅಂತಿದ್ಲು. ನಾವು ಪ್ರೀತಿಗೆ ಅಂದ್ಕೊಂಡಿದ್ವಿ.'

ಆಮೇಲೆ ಅಲ್ಲಿ ಥಂಡಿ ಬಹಳ ಐತೇನು, ಊಟ ಆತೇನು ಎಂದು ಕೇಳಿದಳು.